ಷೇರು ಕೊಂಡ ಮೇಲೆ ಅದು ಇರುವುದೆಲ್ಲಿ? ಹೊಸಬಳ ಕೆಲವು ಪ್ರಶ್ನೆಗಳು

ನೀರ್ಚಾಲಿನ ಸೊಸೆ:
ಈ ವರ್ಷ ಹಳೆಯ ಅಡಿಕೆ ಕೊಟ್ಟ ಹಣದಲ್ಲಿ ಐವತ್ತು ಸಾವಿರ ರೂಪಾಯಿಯನ್ನು ಯಜಮಾನರು ನನ್ನ ಖಾತೆಗೆ ಹಾಕಿ, ನಿನಗೆ ಬೇಕಾದ್ದು ಮಾಡು ಎಂದಿದ್ದಾರೆ. ಚಿನ್ನ ಈಗಿನ ಬೆಲೆಯಲ್ಲಿ ಬೇಡ, ಬ್ಯಾಂಕಿನಲ್ಲಿ ಠೇವಣಿ ಆಗಲೇ ಇದೆ, ಹಾಗಾಗಿ ಷೇರು ಕೊಳ್ಳೋಣ ಎಂದುಕೊಂಡೆ. ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ, ಅಂದರೆ ಷೇರನ್ನು ಕಾಗದವಿಲ್ಲದೆ ಇಡುವ ಖಾತೆ, ತೆರೆದೂ ಆಯಿತು.

ಯಾವ ಷೇರು ಕೊಳ್ಳಲಿ ಎಂದು ಕೇಳುತ್ತಿಲ್ಲ. ಅದನ್ನು ಹೇಳುವವರು ಮದುವೆ ಮನೆಯ ಪಂಕ್ತಿಯಲ್ಲೂ ಸಿಗುತ್ತಾರೆ. ಗುಂಡಿ ಒತ್ತಿದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ನನ್ನ ಹಣ ಕಂಪನಿಗೆ ಹೋಗುತ್ತದೋ, ಆ್ಯಪಿನವರಿಗೆ ಹೋಗುತ್ತದೋ? ನಾಳೆ ಆ್ಯಪಿನವರು ಬಾಗಿಲು ಮುಚ್ಚಿದರೆ ನನ್ನ ಷೇರು ಯಾರ ಕೈಯಲ್ಲಿರುತ್ತದೆ? ಮಾರಬೇಕೆಂದ ದಿನ ಕೊಳ್ಳುವವರು ಇಲ್ಲದಿದ್ದರೆ? ಇದರ ಜೊತೆಗೆ ಇನ್ನೊಂದು: ತೀರಿಕೊಂಡ ಮಾವನವರ ಕಪಾಟಿನಲ್ಲಿ ವಿಜಯಾ ಬ್ಯಾಂಕಿನ 500 ಷೇರುಗಳ ಕಾಗದದ ಪತ್ರ ಸಿಕ್ಕಿದೆ. ಬ್ಯಾಂಕೇ ಇಲ್ಲವಲ್ಲ, ಅದನ್ನು ಬಿಸಾಡುವುದೇ?

ಬಾಯಾರಿನ ಭಾವ:
ತಂಗಿ, ಆ ಹಣದಲ್ಲಿ ತೋಟಕ್ಕೆ ಹನಿ ನೀರಾವರಿಯ ಪೈಪು ಬದಲಾಯಿಸಬಹುದಿತ್ತು. ಷೇರು ಜೂಜು ಎಂಬುದು ನನ್ನ ಅಭಿಪ್ರಾಯ, ಬದಲಾಗುವುದಿಲ್ಲ. ಕ್ಯಾಂಪ್ಕೊದಲ್ಲಿ ನನಗೂ ಪಾಲು ಇದೆ. ಅದರ ದರ ಒಂದು ದಿನ ಏರಿ ಮರುದಿನ ಇಳಿದು ನನ್ನ ನಿದ್ದೆ ಕೆಡಿಸಿದ್ದಿಲ್ಲ. ಅದೂ ಷೇರು, ಇದೂ ಷೇರು, ವ್ಯತ್ಯಾಸ ಏನು ಎಂದು ಯಾರಾದರೂ ಬಿಡಿಸಿ ಹೇಳಿದರೆ ಕೇಳುತ್ತೇನೆ.

ಪೆರ್ಲದ ಮಾಸ್ತರು:
ಯಾವುದನ್ನು ಕೊಳ್ಳಲಿ ಎಂದು ಕೇಳದೆ ಎಲ್ಲಿರುತ್ತದೆ ಎಂದು ಕೇಳಿದ್ದೀರಿ, ಸಂತೋಷವಾಯಿತು. ಹಣ ಈಗ ಎಲ್ಲಿದೆ, ಷೇರು ಈಗ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಹಂತದಲ್ಲೂ ಕೇಳುತ್ತ ಹೋದರೆ ಈ ವ್ಯವಹಾರದಲ್ಲಿ ಮೋಸ ಹೋಗುವ ಜಾಗಗಳು ತಾವಾಗಿಯೇ ಕಾಣುತ್ತವೆ.

ಮೊದಲು ಭಾವನವರ ಮಾತು. ಕ್ಯಾಂಪ್ಕೊ 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ. ಅಲ್ಲಿ ಎಷ್ಟೇ ಪಾಲು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಆ ಪಾಲನ್ನು ಷೇರುಪೇಟೆಯಲ್ಲಿ ಮಾರುವಂತಿಲ್ಲ, ಆದ್ದರಿಂದ ಅದಕ್ಕೆ ದಿನದ ದರವೂ ಇಲ್ಲ. ಕಂಪನಿಯಲ್ಲಿ ಒಂದು ಷೇರಿಗೆ ಒಂದು ಮತ, ಮತ್ತು ಪೇಟೆಯಲ್ಲಿ ಪಟ್ಟಿಯಾದ ಷೇರನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರಬಹುದು. ನಿದ್ದೆ ಕೆಡಿಸುವುದು ಈ ಸ್ವಾತಂತ್ರ್ಯವೇ.

ಈಗ ಹಣದ ವಿಷಯ. ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಕೊಡುವಾಗ, ಅಂದರೆ ಐಪಿಒದಲ್ಲಿ, ಹೊಸ ಷೇರುಗಳ ಹಣ ಕಂಪನಿಗೆ ಹೋಗುತ್ತದೆ. ಅದರ ನಂತರ ನೀವು ಕೊಳ್ಳುವ ಪ್ರತಿ ಷೇರೂ ಇನ್ನೊಬ್ಬರು ಮಾರಿದ ಷೇರು. ನೀವು ಕೊಟ್ಟ ಹಣ ಎಲ್ಲೋ ಸೂರತ್ತಿನಲ್ಲೋ ಕೊಯಮತ್ತೂರಿನಲ್ಲೋ ಕುಳಿತ, ನಿಮಗೆ ಹೆಸರೂ ಗೊತ್ತಿಲ್ಲದ ಒಬ್ಬರಿಗೆ ಸೇರುತ್ತದೆ. ಕಂಪನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ನಿಮ್ಮ ಆ್ಯಪಿನವರು ಬ್ರೋಕರ್, ಅವರ ಕೆಲಸ ನಿಮ್ಮ ಆದೇಶವನ್ನು ವಿನಿಮಯ ಕೇಂದ್ರಕ್ಕೆ ದಾಟಿಸುವುದು. ನಮ್ಮಲ್ಲಿ ಮುಖ್ಯವಾಗಿ ಎರಡು ವಿನಿಮಯ ಕೇಂದ್ರಗಳಿವೆ: 1875ರಷ್ಟು ಹಳೆಯ ಬಿಎಸ್‌ಇ, ಮತ್ತು 1994ರಲ್ಲಿ ಷೇರು ವಹಿವಾಟು ಆರಂಭಿಸಿದ ಎನ್‌ಎಸ್‌ಇ. ಎಲ್ಲರ ಮೇಲೆ ಕಣ್ಣಿಡಲು ಸೆಬಿ ಇದೆ, ಅದಕ್ಕೆ ಕಾನೂನಿನ ಬಲ ಬಂದದ್ದು 1992ರಲ್ಲಿ.

ದರ ಯಾರು ಇಡುತ್ತಾರೆ ಎಂಬುದು ಮುಂದಿನ ಪ್ರಶ್ನೆಯಾಗಿ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ವ್ಯಾಪಾರಿ ಬೆಳಿಗ್ಗೆ ಒಂದು ದರ ಹೇಳುತ್ತಾನೆ. ನಾವು ಒಪ್ಪುತ್ತೇವೆ, ಇಲ್ಲವೇ ಗೋಣಿಯನ್ನು ಜೀಪಿಗೆ ಹಾಕಿ ಮನೆಗೆ ತರುತ್ತೇವೆ. ಷೇರುಪೇಟೆಯಲ್ಲಿ ಹಾಗೆ ದರ ಹೇಳುವ ಒಬ್ಬ ವ್ಯಾಪಾರಿ ಇಲ್ಲ. ಕೊಳ್ಳುವವರದ್ದೊಂದು ಸಾಲು, ಮಾರುವವರದ್ದೊಂದು ಸಾಲು. ಎರಡು ಸಾಲಿನ ಬೆಲೆಗಳು ಎಲ್ಲಿ ಮುಟ್ಟುತ್ತವೋ ಅಲ್ಲಿ ವ್ಯಾಪಾರ ಆಗುತ್ತದೆ.

ಒಂದು ಷೇರನ್ನು 212 ರೂ. 10 ಪೈಸೆಗೆ 40ರಷ್ಟು ಮಾರಲು ಒಬ್ಬರು ನಿಂತಿದ್ದಾರೆ, 212 ರೂ. 30 ಪೈಸೆಗೆ 100ರಷ್ಟು ಮಾರಲು ಮತ್ತೊಬ್ಬರು. ಕೊಳ್ಳುವ ಸಾಲಿನಲ್ಲಿ ಅತಿ ಹೆಚ್ಚು ಕೇಳಿರುವುದು 211 ರೂ. 90 ಪೈಸೆ. ಈಗ ನೀವು ಮಾರ್ಕೆಟ್ ಆರ್ಡರ್, ಅಂದರೆ ಸಾಲಿನಲ್ಲಿ ಸಿಕ್ಕ ಬೆಲೆಗೆ ಕೊಡಿ ಎಂದು 100 ಷೇರಿಗೆ ಆದೇಶ ಕೊಟ್ಟರೆ 40 ಷೇರು 212.10ಕ್ಕೆ, ಉಳಿದ 60 ಷೇರು 212.30ಕ್ಕೆ ಬರುತ್ತವೆ. ಒಟ್ಟು 21,222 ರೂ. ಅದೇ ಲಿಮಿಟ್ ಆರ್ಡರ್ ಕೊಟ್ಟು 212.10 ಎಂದು ಗೆರೆ ಎಳೆದರೆ 40 ಮಾತ್ರ ಬಂದು, 60 ಸಾಲಿನಲ್ಲಿ ಕಾಯುತ್ತವೆ. ಒಂದೇ ಬೆಲೆ ಕೇಳಿದವರಲ್ಲಿ ಮೊದಲು ಬಂದವರಿಗೆ ಮೊದಲು. ಸಂಜೆಯೊಳಗೆ ಆ ಬೆಲೆಗೆ ಯಾರೂ ಮಾರದಿದ್ದರೆ ಉಳಿದ ಆದೇಶ ರದ್ದಾಗುತ್ತದೆ, ನಿಮಗೆ ನಷ್ಟವೇನೂ ಇಲ್ಲ. ದೊಡ್ಡ ಕಂಪನಿಗಳ ಷೇರಿನಲ್ಲಿ ಸಾಲುಗಳು ಒತ್ತೊತ್ತಾಗಿರುವುದರಿಂದ ಎರಡರ ವ್ಯತ್ಯಾಸ ಪೈಸೆಗಳಲ್ಲಿ ಮುಗಿಯುತ್ತದೆ. ಸಣ್ಣ ಕಂಪನಿಯಾದರೆ ಸಾಲು ತೆಳು. ಅಲ್ಲಿ ಮಾರ್ಕೆಟ್ ಆರ್ಡರ್ ಕೊಟ್ಟವರು ನೂರರ ಷೇರಿಗೆ ನೂರೈದು ತೆತ್ತು ಆಮೇಲೆ ಕಣ್ಣುಜ್ಜಿಕೊಳ್ಳುತ್ತಾರೆ. ಹೊಸಬರು ಲಿಮಿಟ್ ಆರ್ಡರ್ ಬಿಟ್ಟು ಬೇರೆ ಮುಟ್ಟಬಾರದು ಎಂಬುದು ನನ್ನ ಹಟ.

ನೀರ್ಚಾಲಿನ ಸೊಸೆ:
ಮಾಸ್ತರೇ, ಹಾಗಾದರೆ ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಯಾವುದು?

ಪೆರ್ಲದ ಮಾಸ್ತರು:
ಕಟ್ಟಕಡೆಯದಾಗಿ ನಡೆದ ವ್ಯಾಪಾರದ ಬೆಲೆ. ಆಗಿ ಹೋದದ್ದು. ನಿಮಗೆ ಸಿಗುವುದು ಎದುರು ಸಾಲಿನಲ್ಲಿ ನಿಂತವರ ಬೆಲೆ. ಆ್ಯಪಿನಲ್ಲಿ ಮಾರ್ಕೆಟ್ ಡೆಪ್ತ್ ಎಂಬ ಕಡೆ ಎರಡೂ ಸಾಲಿನ ಮೊದಲ ಐದೈದು ಬೆಲೆಗಳು ಕಾಣುತ್ತವೆ, ಆದೇಶ ಕೊಡುವ ಮೊದಲು ಅಲ್ಲಿ ಒಮ್ಮೆ ಇಣುಕಿ.

ಅಕ್ಕಲಕೋಟೆಯ ಅಂಗಡಿಯವ:
ಮಾರಲು ಹೋದಾಗ ಕೊಳ್ಳುವವರು ಇರುವುದಿಲ್ಲವೇ ಎಂದು ಕೇಳಿದಿರಿ ಅಕ್ಕ. ಇರದೇ ಹೋಗುವುದುಂಟು. ಪ್ರತಿ ಷೇರಿಗೂ ದಿನಕ್ಕೆ ಇಷ್ಟೇ ಏರಬಹುದು, ಇಷ್ಟೇ ಇಳಿಯಬಹುದು ಎಂಬ ಮಿತಿ ಇರುತ್ತದೆ, ಶೇ. 2, 5, 10 ಅಥವಾ 20. ಆಪ್ಷನ್ (ಮುಂದೊಂದು ದಿನ ಇಂಥ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ವಹಿವಾಟು ಇರುವ ದೊಡ್ಡ ಷೇರುಗಳಿಗೆ ಈ ಗಟ್ಟಿ ಮಿತಿ ಇಲ್ಲ. ಯಾವುದೋ ಸಣ್ಣ ಕಂಪನಿಯ ಕೆಟ್ಟ ಸುದ್ದಿ ಬಂದಾಗ ಕೆಳಮಿತಿಗೆ ಬಿದ್ದು ಕೊಳ್ಳುವ ಸಾಲು ಪೂರ್ತಿ ಖಾಲಿಯಾಗುತ್ತದೆ. ಲೋವರ್ ಸರ್ಕಿಟ್ ಎನ್ನುತ್ತಾರೆ. ದಿನವೂ ಬೆಳಿಗ್ಗೆ ಮಾರಲು ಹಾಕುವುದು, ಸಂಜೆ ರದ್ದಾಗುವುದು. ಐದು ರೂಪಾಯಿಯ ಷೇರು ಐನೂರಾಗುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ಅದರ ಸಾಲು ನೋಡಿ.

ಇನ್ನು ಸಮಯ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30. ಅದಕ್ಕೆ ಮುಂಚೆ 9ರಿಂದ 9.15ರವರೆಗೆ ಆ ದಿನದ ಆರಂಭದ ಬೆಲೆ ಹುಡುಕುವ ಕೆಲಸ ನಡೆಯುತ್ತದೆ. ರಜೆಯೆಲ್ಲ ಮುಂಬಯಿಯ ಪಂಚಾಂಗದಂತೆ. ಕೆಲಸದ ದಿನ ಬಂದರೆ ನಿಮ್ಮ ಕೇರಳದ ತಿರುವೋಣಕ್ಕೂ ಪೇಟೆ ತೆರೆದಿರುತ್ತದೆ, ನವೆಂಬರ್ 1ಕ್ಕೂ ತೆರೆದಿರುತ್ತದೆ. ಆದರೆ ಮೇ 1ಕ್ಕೆ ಮಹಾರಾಷ್ಟ್ರ ದಿನವೆಂದು ಮುಚ್ಚುತ್ತದೆ. ಗಡಿಯ ಈಚೆ ಮಹಾರಾಷ್ಟ್ರದಲ್ಲಿ ಸಿಕ್ಕಿಬಿದ್ದ ನಮಗೆ ಇರುವ ಒಂದೇ ಲಾಭ ಇದು, ಅಂಗಡಿಯ ರಜೆಯೂ ಪೇಟೆಯ ರಜೆಯೂ ಒಂದೇ. ದೀಪಾವಳಿಯ ಲಕ್ಷ್ಮೀಪೂಜೆಗೆ ರಜೆಯಿದ್ದರೂ ಮುಹೂರ್ತದ ವಹಿವಾಟು ಎಂದು ಸುಮಾರು ಒಂದು ಗಂಟೆ ತೆರೆಯುತ್ತಾರೆ. ನಮ್ಮ ಕಡೆ ಅಂದು ಒಂದಾದರೂ ಷೇರು ಕೊಳ್ಳದಿದ್ದರೆ ಸಮಾಧಾನವಿಲ್ಲ.

ಪೆರ್ಲದ ಮಾಸ್ತರು:
ಈಗ ಮುಖ್ಯವಾದ ಭಾಗ. ವ್ಯಾಪಾರ ಕುದುರಿದ ಕೂಡಲೇ ಷೇರು ನಿಮ್ಮದಾಗುವುದಿಲ್ಲ, ಮಾತು ಗಟ್ಟಿಯಾಗುತ್ತದೆ ಅಷ್ಟೇ. ಲೆಕ್ಕ ತೀರುವುದು ಮುಂದಿನ ಕೆಲಸದ ದಿನ. ಮೊದಲು ಎರಡು ದಿನ ಹಿಡಿಯುತ್ತಿತ್ತು. 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಒಂದೇ ದಿನ. ನಡುವೆ ನಿಂತು ಎರಡೂ ಕಡೆಗೆ ಜಾಮೀನಾಗುವ ಸಂಸ್ಥೆಗೆ ಕ್ಲಿಯರಿಂಗ್ ಕಾರ್ಪೊರೇಷನ್ ಎಂದು ಹೆಸರು. ಮಾರಿದವನು ಷೇರು ಕೊಡದೆ ಕೈಕೊಟ್ಟರೂ ನೀವು ಅವನನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದನ್ನು ಬೇರೆ ಕಡೆಯಿಂದ ಹರಾಜಿನಲ್ಲಿ ಕೊಂಡು ಕೊಡುವುದೋ, ಆಗದಿದ್ದರೆ ನಿಮಗೆ ಹಣದಲ್ಲಿ ತುಂಬಿಸುವುದೋ ಆ ಸಂಸ್ಥೆಯ ಹೊಣೆ.

ಷೇರು ಬಂದು ಕೂರುವುದು ಆ್ಯಪಿನಲ್ಲಿ ಅಲ್ಲ. ಡಿಪಾಸಿಟರಿ ಎಂಬ ಕಡೆ. ದೇಶದಲ್ಲಿ ಇರುವುದು ಎರಡೇ: 1996ರಲ್ಲಿ ಆರಂಭವಾದ ಎನ್‌ಎಸ್‌ಡಿಎಲ್, 1999ರಲ್ಲಿ ಬಂದ ಸಿಡಿಎಸ್‌ಎಲ್. ನಿಮ್ಮ ಹೆಸರು, ಪ್ಯಾನ್ ಸಂಖ್ಯೆ, ಎಷ್ಟು ಷೇರು ಎಂಬ ದಾಖಲೆ ಅಲ್ಲಿರುತ್ತದೆ. ಬ್ರೋಕರ್ ಅದಕ್ಕೊಂದು ಕಿಟಕಿ. ಆ್ಯಪಿನವರು ನಾಳೆ ಬಾಗಿಲು ಹಾಕಿದರೆ ಇನ್ನೊಬ್ಬ ಬ್ರೋಕರನ ಬಳಿ ಖಾತೆ ತೆರೆದು ಷೇರುಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಫೋನು ಕಳೆದುಹೋದರೂ ಷೇರು ಕಳೆದುಹೋಗುವುದಿಲ್ಲ.

ಕಷ್ಟ ಇರುವುದು ಹಣಕ್ಕೆ. ಮುಂದೆ ಯಾವಾಗಲಾದರೂ ಕೊಳ್ಳೋಣ ಎಂದು ಬ್ರೋಕರನ ಖಾತೆಯಲ್ಲಿ ಸುಮ್ಮನೆ ಬಿಟ್ಟ ಹಣ ಡಿಪಾಸಿಟರಿಯಲ್ಲಿ ಇರುವುದಿಲ್ಲ, ಬ್ರೋಕರನ ಮೂಲಕವೇ ಓಡಾಡುತ್ತದೆ. ಇದಕ್ಕೆಂದೇ ಸೆಬಿ ಒಂದು ನಿಯಮ ಮಾಡಿದೆ: ನೀವು ಆರಿಸಿಕೊಂಡಂತೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಬಳಸದ ಹಣವನ್ನು ಬ್ರೋಕರ್ ನಿಮ್ಮ ಬ್ಯಾಂಕ್ ಖಾತೆಗೆ ಹಿಂದಿರುಗಿಸಲೇಬೇಕು. ಕೇಳದೆಯೇ ಹಣ ವಾಪಸ್ಸು ಬಂತು ಎಂದು ಗಾಬರಿಯಾಗಬೇಡಿ. ನಾನಾದರೆ ಕೊಳ್ಳುವ ದಿನವೇ, ಬೇಕಾದಷ್ಟೇ ಹಾಕುತ್ತೇನೆ.

ಮಾರುವಾಗ ಸಿಡಿಎಸ್‌ಎಲ್ ನಿಮ್ಮಿಂದ ಒಂದು ರಹಸ್ಯ ಸಂಖ್ಯೆ ಮತ್ತು ಒಟಿಪಿ ಕೇಳುತ್ತದೆ. ಷೇರು ಹೊರಗೆ ಹೋಗಲು ಮಾಲೀಕರ ಒಪ್ಪಿಗೆ ಅದು. ಪ್ರತಿ ಸಲ ಕೇಳುವುದು ಕಿರಿಕಿರಿ ಎಂದು ಡಿಡಿಪಿಐ ಎಂಬ, ಮಾರಿದ ಷೇರನ್ನು ಬ್ರೋಕರ್ ತಾನೇ ಹೊರತೆಗೆಯಲಿ ಎಂದು ಒಪ್ಪುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಕಡ್ಡಾಯವಲ್ಲ. ವರ್ಷಕ್ಕೆ ನಾಲ್ಕು ಸಲ ಮಾರುವವರಿಗೆ ಕಿರಿಕಿರಿಯೇ ಒಳ್ಳೆಯದು.

ಉಪ್ಪಳದ ಲೆಕ್ಕಿಗ:
ಖರ್ಚಿನ ಲೆಕ್ಕ ನಾನು ಹೇಳುತ್ತೇನೆ. ಶುಲ್ಕ ಶೂನ್ಯ ಎಂದು ಜಾಹೀರಾತು ಹಾಕುವವರೂ ಸರ್ಕಾರದ ಭಾಗವನ್ನು ಬಿಡಿಸಲಾರರು. ಐವತ್ತು ಸಾವಿರದ ಷೇರು ಕೊಂಡು ಇಟ್ಟುಕೊಳ್ಳುವುದಾದರೆ ವಹಿವಾಟು ತೆರಿಗೆ ಶೇ. 0.1, ಅಂದರೆ 50 ರೂ. ಮುದ್ರಾಂಕ ಶುಲ್ಕ ಶೇ. 0.015, ಅಂದರೆ 7 ರೂ. 50 ಪೈಸೆ. ವಿನಿಮಯ ಕೇಂದ್ರದ ಶುಲ್ಕ ಒಂದೂವರೆ ರೂಪಾಯಿಯ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ. ಎಲ್ಲ ಸೇರಿ 60 ರೂ.ಗೆ ಹತ್ತಿರ, ಇದಕ್ಕೆ ಬ್ರೋಕರನ ದಲ್ಲಾಳಿ ಸೇರಿಸಿ. ಬ್ಯಾಂಕುಗಳ ಜೊತೆ ಇರುವ ಕೆಲವು ಖಾತೆಗಳಲ್ಲಿ ದಲ್ಲಾಳಿಯೇ ಶೇ. 0.5 ಇರುತ್ತದೆ, ಆಗ ಅದೊಂದೇ 250 ರೂ. ಮಾರುವಾಗ ವಹಿವಾಟು ತೆರಿಗೆ ಮತ್ತೊಮ್ಮೆ. ಜೊತೆಗೆ ಒಂದು ಕಂಪನಿಯ ಷೇರು ಒಂದು ದಿನ ಮಾರಿದ್ದಕ್ಕೆ ಡಿಪಿ ಶುಲ್ಕವೆಂದು (ಡಿಪಾಸಿಟರಿಯಿಂದ ಷೇರು ಹೊರತೆಗೆದದ್ದಕ್ಕೆ) ಹತ್ತಿಪ್ಪತ್ತು ರೂಪಾಯಿ, ನೀವು ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಐನೂರು ರೂಪಾಯಿಯ ಷೇರು ಕೊಂಡು ಮರುವಾರ ಮಾರುವ ಆಟ ಆಡಿದರೆ ಲಾಭವೆಲ್ಲ ಇಲ್ಲೇ ಸೋರುತ್ತದೆ.

ವಾರ್ಷಿಕ ಶುಲ್ಕದ ಬಗ್ಗೆಯೂ ಕೇಳಿಕೊಳ್ಳಿ. ಮೂಲ ಸೇವೆಯ ಡಿಮ್ಯಾಟ್ ಖಾತೆ ಎಂಬುದೊಂದಿದೆ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ನಾಲ್ಕು ಲಕ್ಷ ರೂ. ಮೌಲ್ಯದವರೆಗೆ ನಿರ್ವಹಣಾ ಶುಲ್ಕ ಇಲ್ಲ. ಒಬ್ಬರಿಗೆ ಒಂದೇ ಡಿಮ್ಯಾಟ್ ಖಾತೆ ಇದ್ದರೆ ಮಾತ್ರ.

ಲಾಭದ ತೆರಿಗೆ: 12 ತಿಂಗಳೊಳಗೆ ಮಾರಿದರೆ ಶೇ. 20. ಅದಕ್ಕಿಂತ ಹೆಚ್ಚು ಕಾಲ ಇಟ್ಟಿದ್ದರೆ ವರ್ಷಕ್ಕೆ 1.25 ಲಕ್ಷ ರೂ. ಲಾಭದವರೆಗೆ ಇಲ್ಲ, ಮೇಲಿನದಕ್ಕೆ ಶೇ. 12.5. ಈ ದರಗಳು 2024ರ ಜುಲೈ 23ರಿಂದ. ಆದರೆ ಅಕ್ಕ, ನೀವು ಬರೆದ ಮೊದಲ ವಾಕ್ಯದಲ್ಲೇ ಒಂದು ಸಂಗತಿ ಇದೆ. ಹಣ ಯಜಮಾನರು ಕೊಟ್ಟದ್ದು. ಗಂಡ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಹಣದಿಂದ ಬಂದ ಲಾಭವನ್ನು ಆದಾಯ ತೆರಿಗೆಯವರು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಸರಿ. ಷೇರಿನ ಲಾಭ ಕೃಷಿ ಆದಾಯವಲ್ಲ. ಅಡಿಕೆಯ ಹಣದಲ್ಲಿ ಕೊಂಡದ್ದಲ್ಲವೇ ಎಂದು ವಾದಿಸಿದವರನ್ನು ನಾನು ಕಚೇರಿಯಲ್ಲಿ ಕಂಡಿದ್ದೇನೆ. ಮೊತ್ತ ಸಣ್ಣದಾದರೆ ಮೂಲ ವಿನಾಯಿತಿಯ ಮಿತಿಯೊಳಗೇ ಮುಗಿಯುತ್ತದೆ, ತೆರಿಗೆ ಬೀಳದು. ನಷ್ಟವಾಗಿದ್ದರೆ ಮಾತ್ರ ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಲಾಭದಲ್ಲಿ ಕಳೆಯಬಹುದು.

ಮುಳ್ಳೇರಿಯದ ಹುಡುಗ:
ಎಲ್ಲರೂ ಇಷ್ಟು ನಿಧಾನದ ದಾರಿಯನ್ನೇ ಹೇಳುತ್ತಿದ್ದೀರಿ. ಇಂಟ್ರಾಡೇ ಮಾಡಿದರೆ ಹತ್ತು ಸಾವಿರದಲ್ಲಿ ಐವತ್ತು ಸಾವಿರದ ಷೇರು ಕೊಳ್ಳಬಹುದು. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರಿದರೆ ಡಿಪಿ ಶುಲ್ಕವೂ ಇಲ್ಲ. ಕಾಸರಗೋಡಿನಲ್ಲಿ ನಾನು ತರಗತಿಗೆ ಹೋಗುತ್ತಿದ್ದೇನೆ, ಮುಂದಿನ ತಿಂಗಳು ಆಪ್ಷನ್ ಕಲಿಸುತ್ತಾರೆ. ಹೇಳಿಕೊಡುವವರು ದಿನವೂ ಲಾಭ ತೋರಿಸುತ್ತಾರೆ.

ಅಕ್ಕಲಕೋಟೆಯ ಅಂಗಡಿಯವ:
ತಮ್ಮಾ, ಹತ್ತು ಸಾವಿರದಲ್ಲಿ ಐವತ್ತು ಸಾವಿರದ ಷೇರು ಕೊಂಡಾಗ ಬೆಲೆ ಶೇ. 4ರಷ್ಟು ಇಳಿದರೆ ನಿನ್ನ ಹತ್ತರಲ್ಲಿ ಎರಡು ಸಾವಿರ ಹೋಯಿತು. ಆ ದಿನವೇ ಮಾರಬೇಕಾದ್ದರಿಂದ ನಾಳೆ ಏರಬಹುದು ಎಂದು ಕಾಯಲೂ ಆಗದು. 2022-23ರ ಲೆಕ್ಕ ನೋಡಿ ಸೆಬಿ ಹೇಳಿದ್ದು, ಷೇರಿನ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನ ಕಳೆದುಕೊಂಡಿದ್ದಾರೆ. ಮೂವತ್ತು ವರ್ಷಕ್ಕಿಂತ ಕೆಳಗಿನವರು 2018-19ರಲ್ಲಿ ಶೇ. 18 ಇದ್ದವರು 2022-23ಕ್ಕೆ ಶೇ. 48 ಆಗಿದ್ದಾರೆ. ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇವತ್ತೇ ಬೆಲೆ ಗಟ್ಟಿ ಮಾಡುವ ಕರಾರು) ಮತ್ತು ಆಪ್ಷನ್ ಇನ್ನೂ ಘನ: 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಶೇ. 93 ಮಂದಿ ನಷ್ಟದಲ್ಲಿ, ಒಟ್ಟು 1.8 ಲಕ್ಷ ಕೋಟಿ ರೂ.ಗೂ ಹೆಚ್ಚು ಹೋಗಿದೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ನಿನ್ನ ಗುರುಗಳು ಆ ಒಬ್ಬರಾಗಿದ್ದರೆ ಶುಲ್ಕ ವಸೂಲಿ ಮಾಡುವ ತೊಂದರೆ ಏಕೆ ತೆಗೆದುಕೊಳ್ಳುತ್ತಾರೆ?

ಪೆರ್ಲದ ಮಾಸ್ತರು:
2025ರ ಜನವರಿಯಲ್ಲಿ ಸೆಬಿ ಸ್ಪಷ್ಟಪಡಿಸಿದೆ: ಪಾಠ ಹೇಳುವವರು ಕಳೆದ ಮೂರು ತಿಂಗಳ ಬೆಲೆಗಳನ್ನು ತೋರಿಸಿ ಇದನ್ನು ಕೊಳ್ಳಿ, ಅದನ್ನು ಮಾರಿ ಎಂದು ಹೇಳುವಂತಿಲ್ಲ. ಇವತ್ತಿನ ಬೆಲೆ ತೋರಿಸಿ ಹೇಳಿದರೆ ಅದು ಪಾಠವಲ್ಲ, ಸಲಹೆ. ಅದಕ್ಕೆ ನೋಂದಣಿ ಬೇಕು. ನೋಂದಣಿ ಸಂಖ್ಯೆ ಕೇಳಿ ನೋಡು.

ಮುಳ್ಳೇರಿಯದ ಹುಡುಗ:
ಕೇಳುತ್ತೇನೆ. ಶುಲ್ಕ ಮಾತ್ರ ಆಗಲೇ ಕಟ್ಟಿಯಾಗಿದೆ.

ಶಾರ್ಜಾದ ಕುಂಬಳೆಯವ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿನಲ್ಲಿ ಓದುವಾಗ ಡಿಮ್ಯಾಟ್ ತೆರೆದಿದ್ದೆ, ನಮ್ಮ ಕೋಣೆಯವರೆಲ್ಲ ಇಂಥ ಹಳೆಯ ಖಾತೆಯಲ್ಲೇ ಇಲ್ಲಿಂದ ಕೊಳ್ಳುತ್ತಿದ್ದಾರೆ. ಸರಿಯೇ?

ಉಪ್ಪಳದ ಲೆಕ್ಕಿಗ:
ಸರಿಯಲ್ಲ, ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಈ ಸ್ಥಿತಿಯಲ್ಲಿದ್ದಾರೆ. ಕೆಲಸಕ್ಕೆಂದು ವಿದೇಶಕ್ಕೆ ಹೋಗಿ ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಾಯಿಸಬೇಕು, ಬ್ರೋಕರಿಗೂ ತಿಳಿಸಬೇಕು. ಹಳೆಯ ಷೇರುಗಳು ಹೋಗುವುದಿಲ್ಲ, ಅನಿವಾಸಿಯ ಹೆಸರಿನ ಡಿಮ್ಯಾಟ್ ಖಾತೆಗೆ ವರ್ಗವಾಗುತ್ತವೆ. ಅಲ್ಲಿ ದುಡಿದ ಹಣದಲ್ಲಿ ಕೊಂಡು ಮತ್ತೆ ಹೊರದೇಶಕ್ಕೆ ಒಯ್ಯುವ ಯೋಚನೆ ಇದ್ದರೆ ಎನ್‌ಆರ್‌ಇ ಖಾತೆಯ ಮೂಲಕ ಹೋಗಬೇಕು. ಅನಿವಾಸಿಗಳಿಗೆ ಷೇರಿನಲ್ಲಿ ಇಂಟ್ರಾಡೇ ಇಲ್ಲ, ಕೊಂಡದ್ದನ್ನು ಕೈಗೆ ತೆಗೆದುಕೊಳ್ಳಲೇಬೇಕು. ಮಾರಿದಾಗ ಲಾಭದ ಮೇಲಿನ ತೆರಿಗೆಯನ್ನು ಮುಂಚೆಯೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಮೊದಲ ವಾರವೇ ಈ ಕೆಲಸ ಮುಗಿಸಿ.

ಮಂಜೇಶ್ವರದ ಅಕ್ಕ:
ನೆರೆಮನೆಯ ನಿವೃತ್ತರೊಬ್ಬರ ಕತೆ ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಒಂದು ಗುಂಪಿಗೆ ಸೇರಿಸಿದರು. ಅದರಲ್ಲಿ ಬೆಳಗಾದರೆ ಲಾಭದ ಚಿತ್ರಗಳು, ಧನ್ಯವಾದಗಳು. ಒಂದು ಕೊಂಡಿ ಒತ್ತಿ ಆ್ಯಪ್ ಹಾಕಿಕೊಂಡರು. ನಮ್ಮ ಮಾಸ್ತರು ಹೇಳಿದ ಎರಡು ಸಾಲುಗಳೂ ಅದರಲ್ಲಿದ್ದವು, ಬೆಲೆ ಏರಿಳಿಯುತ್ತಿತ್ತು, ಎಲ್ಲ ನಿಜದಂತೆಯೇ. ಎರಡು ಲಕ್ಷ ಹಾಕಿದ್ದು ಏಳು ಲಕ್ಷವೆಂದು ತೋರಿಸಿತು. ತೆಗೆಯಲು ಹೋದಾಗ ಮೊದಲು ಶೇ. 20 ತೆರಿಗೆ ಕಟ್ಟಿ ಎಂದರು. ಅದನ್ನೂ ಕಟ್ಟಿದರು, ಮಗಳಿಂದ ಸಾಲ ತೆಗೆದುಕೊಂಡು.

ಪೆರ್ಲದ ಮಾಸ್ತರು:
ಮೊದಲಿನ ಎರಡು ಪ್ರಶ್ನೆಗಳನ್ನೇ ಇಲ್ಲಿ ಕೇಳಿ. ಹಣ ಎಲ್ಲಿಗೆ ಹೋಯಿತು? ಯಾವುದೋ ವ್ಯಕ್ತಿಯ ಅಥವಾ ಹೆಸರು ಕೇಳದ ಅಂಗಡಿಯ ಚಾಲ್ತಿ ಖಾತೆಗೆ. ಷೇರು ಎಲ್ಲಿದೆ? ಆ ಆ್ಯಪಿನ ಚಿತ್ರದಲ್ಲಿ ಮಾತ್ರ. ನಿಜವಾದ ಖಾತೆಯಾದರೆ ವ್ಯಾಪಾರದ ದಿನವೇ ವಿನಿಮಯ ಕೇಂದ್ರದಿಂದ ಸಂದೇಶ ಬರುತ್ತದೆ, ಬ್ರೋಕರಿಂದ 24 ಗಂಟೆಯೊಳಗೆ ಕಾಂಟ್ರಾಕ್ಟ್ ನೋಟ್, ಅಂದರೆ ವ್ಯಾಪಾರದ ಲೆಕ್ಕದ ಚೀಟಿ, ಬರುತ್ತದೆ, ವಹಿವಾಟು ನಡೆದ ತಿಂಗಳಿಗೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಒಂದು ಒಟ್ಟು ಲೆಕ್ಕಪತ್ರವನ್ನು ಇಮೇಲಿಗೆ ಕಳುಹಿಸುತ್ತದೆ. ಅವರ ತಾಣದಲ್ಲಿ ನಾವೇ ಹೋಗಿ ನೋಡಲೂಬಹುದು. ಬ್ರೋಕರನ ಆ್ಯಪಿನಲ್ಲಿ ಇರುವುದು ಡಿಪಾಸಿಟರಿಯ ಲೆಕ್ಕದಲ್ಲೂ ಇದೆಯೇ ಎಂದು ತಾಳೆ ನೋಡುವುದು ನನ್ನ ಮಟ್ಟಿಗೆ ತಿಂಗಳ ವಿದ್ಯುತ್ ಬಿಲ್ಲಿನಷ್ಟೇ ಖಾಯಂ ಕೆಲಸ. ಲಾಭ ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಿ ಎಂದು ನೋಂದಾಯಿತ ಬ್ರೋಕರ್ ಯಾರೂ ಕೇಳುವುದಿಲ್ಲ. ಹಣ ಹೋದ ಗಂಟೆಯೊಳಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಬ್ರೋಕರನ ಮೇಲೇ ದೂರಿದ್ದರೆ ಸೆಬಿಯ ಸ್ಕೋರ್ಸ್ ತಾಣ ಇದೆ. ಸೆಬಿಯ 1800 22 7575 ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಇಲ್ಲಿ ಎಲ್ಲ ಕಚೇರಿಯಲ್ಲೂ ಮಲಯಾಳ ಕೇಳಿ ಸಾಕಾದವರಿಗೆ ಅಷ್ಟಾದರೂ ಸಮಾಧಾನ.

ಬಾಯಾರಿನ ಭಾವ:
ಆ ಹಳೆಯ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲೂ ಅಂಥದೊಂದು ಇದ್ದಿರಬೇಕು. ತಂದೆಯವರಿಗೆ ವಿಜಯಾ ಬ್ಯಾಂಕ್ ಎಂದರೆ ಊರಿನ ಬ್ಯಾಂಕ್.

ಪೆರ್ಲದ ಮಾಸ್ತರು:
ಜೂಜಿನ ಕಾಗದವನ್ನು ಹುಡುಕಲು ಹೊರಟಿರಲ್ಲ ಭಾವ, ಇರಲಿ. ಬಿಸಾಡಬೇಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು, ಷೇರುದಾರರ ಹಕ್ಕು ಅಳಿಯಲಿಲ್ಲ. ಅದರ 1,000 ಷೇರಿಗೆ ಬರೋಡಾದ 402 ಷೇರು ಎಂದು ನಿಗದಿಯಾಯಿತು. ನೀರ್ಚಾಲಿನವರ 500ಕ್ಕೆ ಸರಿಯಾಗಿ 201. ಇದೇ ರೀತಿ ಮರುವರ್ಷ ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330, ಸಿಂಡಿಕೇಟಿನ 1,000ಕ್ಕೆ ಕೆನರಾದ 158. ನಮ್ಮ ಈ ಕರಾವಳಿಯ ಮೂರು ಬ್ಯಾಂಕುಗಳ ಕಾಗದ ಎಷ್ಟು ಕಪಾಟುಗಳಲ್ಲಿ ಇದೆಯೋ!

ಕಾಗದದ ಷೇರನ್ನು 2019ರ ಏಪ್ರಿಲ್‌ನಿಂದ ಹಾಗೆಯೇ ಮಾರುವಂತಿಲ್ಲ, ಡಿಮ್ಯಾಟ್ ಆಗಲೇಬೇಕು. ಮಾವನವರು ತೀರಿಕೊಂಡಿರುವುದರಿಂದ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಬ್ಯಾಂಕಿನ ಶಾಖೆಗೆ ಹೋಗಿ ಪ್ರಯೋಜನವಿಲ್ಲ, ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರಿಗೆ ಬರೆಯಬೇಕು. ಅವರ ವಿಳಾಸ ಬ್ಯಾಂಕ್ ಆಫ್ ಬರೋಡಾದ ತಾಣದಲ್ಲಿದೆ. ಪತ್ರದ ಮೇಲಿನ ಫೋಲಿಯೊ ಸಂಖ್ಯೆ, ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ ಇವು ಬೇಕು. ಕಾಗದದ ಷೇರಿನ ಮೌಲ್ಯ ಐದು ಲಕ್ಷದೊಳಗೆ ಇದ್ದು ನಾಮನಿರ್ದೇಶನ ಇಲ್ಲದಿದ್ದರೂ ಸರಳ ದಾಖಲೆಗಳಲ್ಲಿ ಮುಗಿಯುತ್ತದೆ, ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಕಾಸರಗೋಡು ತಾಲೂಕು ಕಚೇರಿಯ ಪತ್ರ ಮಲಯಾಳದಲ್ಲಿದ್ದರೆ ನೋಟರಿ ಸಹಿಯ ಇಂಗ್ಲಿಷ್ ಅನುವಾದ ಕೇಳಬಹುದು.

ನಿಜವಾದ ತಲೆನೋವು ಹೆಸರು. ಪತ್ರದಲ್ಲಿ ಹೆಸರಿನ ಮುಂದೆ ಮನೆಯ ಹೆಸರಿನ ಇನಿಷಿಯಲ್ ಇರುತ್ತದೆ, ಆಧಾರಿನಲ್ಲಿ ಮಲಯಾಳದಿಂದ ತಿರುಗಿಸಿದ ಕಾಗುಣಿತ, ಪ್ಯಾನಿನಲ್ಲಿ ಭಟ್ ಸೇರಿಕೊಂಡಿರುತ್ತದೆ. ಮೂವರೂ ಒಬ್ಬರೇ ಎಂದು ಪ್ರಮಾಣ ಮಾಡುವ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ನಿಮ್ಮ ಸ್ವಂತ ಡಿಮ್ಯಾಟಿಗೆ ಇವತ್ತೇ ನಾಮನಿರ್ದೇಶನ ಹಾಕಿಬಿಡಿ, ಮುಂದೆ ಸೊಸೆ ಹೀಗೆ ಅಲೆಯುವುದು ತಪ್ಪುತ್ತದೆ.

ನೀರ್ಚಾಲಿನ ಸೊಸೆ:
ನಾಮನಿರ್ದೇಶನ ಆಯಿತು. ರಿಜಿಸ್ಟ್ರಾರಿಗೆ ಪತ್ರವನ್ನೂ ಕಳುಹಿಸಿದ್ದೇನೆ. ಇವತ್ತು ಹನ್ನೊಂದು ಗಂಟೆಗೆ ಒಂದು ದೊಡ್ಡ ಕಂಪನಿಯ 20 ಷೇರಿಗೆ ಲಿಮಿಟ್ ಆರ್ಡರ್ ಹಾಕಿದೆ, ಎರಡು ರೂಪಾಯಿ ಕೆಳಗೆ. ಮೂರು ಗಂಟೆಯವರೆಗೆ ಏನೂ ಇಲ್ಲ, ಆಮೇಲೆ 12 ಷೇರು ಬಂದವು, ಉಳಿದ 8 ಸಾಲಿನಲ್ಲೇ ಉಳಿದು ರದ್ದಾದವು. ವಿನಿಮಯ ಕೇಂದ್ರದ ಸಂದೇಶ ಬಂದಿದೆ. ಆದರೆ ಆ್ಯಪಿನಲ್ಲಿ ಆ ಹನ್ನೆರಡರ ಪಕ್ಕ ಟಿ1 ಎಂದು ತೋರಿಸುತ್ತಿದೆ. ಸಿಡಿಎಸ್‌ಎಲ್ ತಾಣದಲ್ಲಿ ಸೊನ್ನೆ. ಯಜಮಾನರು ಆಗಲೇ ಮುಖ ನೋಡುತ್ತಿದ್ದಾರೆ.

ಪೆರ್ಲದ ಮಾಸ್ತರು:
ಟಿ1 ಎಂದರೆ ಮಾತು ಗಟ್ಟಿಯಾಗಿದೆ, ಷೇರು ಇನ್ನೂ ದಾರಿಯಲ್ಲಿದೆ. ಅದನ್ನು ಬರುವ ಮೊದಲೇ ಮಾರಲು ಆ್ಯಪ್ ಬಿಟ್ಟರೂ ಮಾರಬೇಡಿ, ನಿಮಗೆ ಕೊಡಬೇಕಾದವನು ಕೊಡದೇ ಹೋದರೆ ನೀವು ಇನ್ನೊಬ್ಬರಿಗೆ ಕೊಡಲಾಗದೆ ಹರಾಜಿನ ದಂಡ ನಿಮ್ಮ ತಲೆಗೆ ಬರುತ್ತದೆ. ನಾಳೆ ಸಂಜೆ ಸಿಡಿಎಸ್‌ಎಲ್ ನೋಡಿ, 12 ಕಾಣಬೇಕು. ಕಾಣದಿದ್ದರೆ ಇಲ್ಲಿ ಬರೆಯಿರಿ.

ಅಕ್ಕಲಕೋಟೆಯ ಅಂಗಡಿಯವ:
ಮಾಸ್ತರೇ, ಇವತ್ತು ಶುಕ್ರವಾರ. ಅಕ್ಕ ಸೋಮವಾರ ಸಂಜೆ ನೋಡಲಿ.